ಅತಿ ಬಿಗಿಯೂ ತಪ್ಪೇ: ಇಂಪ್ಲಾಂಟ್ ಕೂರಿಸುವಾಗ ಮೂಳೆಯ ಮೇಲಿನ ಒತ್ತಡವನ್ನು ಹತೋಟಿಯಲ್ಲಿಡುವ ಬಗೆ

ಹಲ್ಲು ಹೋದ ಜಾಗದಲ್ಲಿ ದವಡೆ ಮೂಳೆಗೆ ಕೂರಿಸುವ ಟೈಟಾನಿಯಂ ಸ್ಕ್ರೂವೇ ಇಂಪ್ಲಾಂಟ್. ಅದನ್ನು ಹಾಕಲು ಕಲಿತ ಹೊಸದರಲ್ಲಿ ನನಗೊಂದು ಹುಚ್ಚಿತ್ತು. ಇವತ್ತು ಟಾರ್ಕ್ (ಸ್ಕ್ರೂ ತಿರುಗಿಸಲು ಬೇಕಾದ ಬಲ) ಎಷ್ಟು ಬಂತು ಅಂತ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಹೇಳಿಕೊಳ್ಳುವ ಹುಚ್ಚು. ಸಂಖ್ಯೆ ದೊಡ್ಡದಾದಷ್ಟೂ ಶಹಬ್ಬಾಸ್‌ಗಿರಿ ಜಾಸ್ತಿ.

ಆಗೊಮ್ಮೆ ಐವತ್ತೈದರ ಆಸುಪಾಸಿನ ರೈತರೊಬ್ಬರು ಬಂದಿದ್ದರು. ಕೆಳದವಡೆಯ ಮುಂಭಾಗ. ಮೂಳೆ ಕಲ್ಲಿನ ಹಾಗಿತ್ತು. ಇನ್ನೂ ಎರಡು ಮಿ.ಮೀ. ಇಳಿಯಬೇಕು ಅನ್ನುವಾಗ ಮೋಟರ್ ನಿಂತಿತು. ನಾನು ಬಿಡಲಿಲ್ಲ. ರ‍್ಯಾಚೆಟ್ ತೆಗೆದುಕೊಂಡು ಕೈಯಲ್ಲೇ ತಿರುಗಿಸಿ ಇಳಿಸಿದೆ. ಟಾರ್ಕ್ 70 ಎನ್‌ಸಿಎಂ (ನ್ಯೂಟನ್ ಸೆಂಟಿಮೀಟರ್) ದಾಟಿತ್ತು. ನಾಲ್ಕನೇ ವಾರ ಅವರು ಮತ್ತೆ ಬಂದು ಕುರ್ಚಿಯಲ್ಲಿ ಕುಳಿತರು. "ಡಾಕ್ಟ್ರೇ, ನೋವೇನಿಲ್ಲ. ಆ ಕ್ಯಾಪಿಗೆ ನಾಲಿಗೆ ತಾಗಿದ್ರೆ ಅಲ್ಲಾಡಿದ ಹಂಗಾಗ್ತದೆ" ಅಂದರು. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದೆ. ಹೀಲಿಂಗ್ ಕ್ಯಾಪಿನ (ಗಾಯ ಮಾಗುವವರೆಗೆ ಇಂಪ್ಲಾಂಟ್ ಮೇಲೆ ಹಾಕುವ ಮುಚ್ಚಳ) ಜೊತೆಗೇ ಇಂಪ್ಲಾಂಟ್ ಕೈಗೆ ಬಂತು. ಕೀವಿಲ್ಲ, ಊತವಿಲ್ಲ. ಸುತ್ತಲಿನ ಮೂಳೆ ಸತ್ತುಹೋಗಿತ್ತು, ಅಷ್ಟೆ.

ಇಂಪ್ಲಾಂಟ್ ಸಡಿಲವಾಗಿ ಕೂತರೆ ತಪ್ಪು ಅಲ್ಲೇ ಗೊತ್ತಾಗುತ್ತದೆ. ಅತಿ ಬಿಗಿಯಾದರೆ ಆ ದಿನ ಅದು ಗೆಲುವಿನ ಹಾಗೇ ಕಾಣುತ್ತದೆ. ಫಲ ಸಿಗುವುದು ತಿಂಗಳು ಕಳೆದ ಮೇಲೆ. ಹಾಗಾಗಿ ಈ ಬರಹ ಹೆಚ್ಚಾಗಿ ಎರಡನೇ ತಪ್ಪಿನ ಬಗ್ಗೆ. ಇಂಪ್ಲಾಂಟ್ ಶುರು ಮಾಡುತ್ತಿರುವ ಕಿರಿಯ ದಂತವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹಲ್ಲು ಕಟ್ಟಿಸಿಕೊಳ್ಳಲು ಹೊರಟವರೂ ಓದಬಹುದು, ನಿಮ್ಮ ಡಾಕ್ಟರು ಏಕೆ ಅವಸರ ಮಾಡುತ್ತಿಲ್ಲ ಅನ್ನುವುದು ತಿಳಿಯುತ್ತದೆ. ನಿಮ್ಮ ಕಿಟ್‌ನ ಜೊತೆ ಬರುವ ಕಂಪನಿಯ ಸೂಚನೆ ಮೊದಲು, ಇಲ್ಲಿ ಬರೆದ ಸಂಖ್ಯೆಗಳು ಆಮೇಲೆ.

ಶುರು ಮಾಡುವ ಮೊದಲು: ಯಾವ ಒತ್ತಡ?

ಮೂಳೆಗೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಡ್ರಿಲ್ ಮಾಡುವಾಗ ಬಿಸಿ. ಸ್ಕ್ರೂ ತಿರುಗಿಸುವಾಗ ಹಿಂಡುವಿಕೆ. ಹಲ್ಲು ಕಟ್ಟಿದ ಮೇಲೆ ಕಡಿತದ ಭಾರ. ಮೊದಲ ಎರಡೂ ನಮ್ಮ ಕೈಯಿಂದಲೇ, ಅದೇ ಅರ್ಧ ಗಂಟೆಯಲ್ಲಿ ಆಗುವಂಥವು.

ಟೈಟಾನಿಯಂ ಮೂಳೆಗಿಂತ ಬಹಳ ಬಿರುಸು. ಅದರ ಬಿಗಿತ ಸುಮಾರು 110 ಗಿಗಾಪಾಸ್ಕಲ್. ಮೂಳೆಯ ಗಟ್ಟಿ ಹೊರಪದರದ್ದು 15ರಿಂದ 20. ಒಳಗಿನ ಜಾಲರಿಯಂಥ ಮೃದು ಮೂಳೆಯದ್ದು ಅದಕ್ಕಿಂತಲೂ ಎಷ್ಟೋ ಕಡಿಮೆ. ಎರಡು ವಸ್ತುಗಳ ಬಿಗಿತದಲ್ಲಿ ಇಷ್ಟು ವ್ಯತ್ಯಾಸ ಇದ್ದಾಗ, ಭಾರವೆಲ್ಲ ಅವು ಮೊದಲು ಭೇಟಿಯಾಗುವ ಕಡೆಯೇ ಸೇರುತ್ತದೆ. ಇಂಪ್ಲಾಂಟ್‌ನಲ್ಲಿ ಅದು ಕತ್ತಿನ, ಅಂದರೆ ಮೇಲ್ತುದಿಯ, ಸುತ್ತಲಿನ ಮೇಲಿನ ಕೆಲವು ಮಿ.ಮೀ. ಎಕ್ಸ್‌ರೇಯಲ್ಲಿ ಮೂಳೆ ಸವೆದದ್ದು ಮೊದಲು ಕಾಣುವುದೂ ಅಲ್ಲೇ.

ಇನ್ನೊಂದು ಲೆಕ್ಕ. ಅಮೆರಿಕದ ಮೂಳೆ ತಜ್ಞ ಹೆರಾಲ್ಡ್ ಫ್ರಾಸ್ಟ್ ಮೂಳೆ ಎಷ್ಟು ಬಾಗಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಅಳತೆಗೋಲು ಕೊಟ್ಟಿದ್ದಾರೆ. ಶೇ. 0.15ರವರೆಗೆ ಹಿಗ್ಗಿದರೆ, ಕುಗ್ಗಿದರೆ ಮೂಳೆ ಆರಾಮ. ಶೇ. 0.3 ದಾಟಿದರೆ ರಿಪೇರಿಗಿಂತ ಹಾನಿ ಜಾಸ್ತಿ. ಸುಮಾರು ಶೇ. 2.5ಕ್ಕೆ ಮುರಿಯುತ್ತದೆ. ಈಗ 3.5 ಮಿ.ಮೀ. ತೂತಿಗೆ 3.6 ಮಿ.ಮೀ. ದಪ್ಪದ ಕತ್ತನ್ನು ನುಗ್ಗಿಸಿ ನೋಡಿ. ಬರೀ 0.1 ಮಿ.ಮೀ. ವ್ಯತ್ಯಾಸ. ಅಂಚಿನ ಮೂಳೆ ಹಿಗ್ಗಬೇಕಾದದ್ದು ಹತ್ತಿರ ಹತ್ತಿರ ಶೇ. 3! ನಿಜವಾದ ಬಾಯಲ್ಲಿ ಥ್ರೆಡ್ ಒಂದಿಷ್ಟು ಮೂಳೆಯನ್ನು ಕತ್ತರಿಸಿಕೊಂಡೇ ಹೋಗುತ್ತದೆ, ಮೂಳೆಯೂ ನಿಧಾನಕ್ಕೆ ಸಡಿಲಗೊಳ್ಳುತ್ತದೆ. ಹಾಗಾಗಿ ಲೆಕ್ಕ ಇಷ್ಟೇ ಕಡ್ಡಿ ತುಂಡಾದ ಹಾಗಿರುವುದಿಲ್ಲ. ಆದರೆ ಒಂದು ಮಿ.ಮೀ.ನ ಹತ್ತನೇ ಒಂದು ಭಾಗ ಸಣ್ಣ ವಿಷಯವಲ್ಲ ಅನ್ನುವುದು ತಲೆಯಲ್ಲಿರಲಿ.

ಹೆಜ್ಜೆ 1: ಮೂಳೆ ಯಾವ ಜಾತಿಯದ್ದು, ತಿಳಿದುಕೊಳ್ಳಿ

ಸಿಬಿಸಿಟಿ ಸ್ಕ್ಯಾನ್ (ದವಡೆಯ ಮೂರು ಆಯಾಮದ ಎಕ್ಸ್‌ರೇ) ಇಲ್ಲದೆ ಹೊರಡಬೇಡಿ. ಎಲ್ಲರೂ ಉದ್ದ, ಅಗಲ ಅಳೆಯುತ್ತಾರೆ. ಅದು ಸರಿ. ಹಲ್ಲಿನಿಂದ ಕನಿಷ್ಠ 1.5 ಮಿ.ಮೀ., ಇನ್ನೊಂದು ಇಂಪ್ಲಾಂಟ್‌ನಿಂದ 3 ಮಿ.ಮೀ., ಕೆಳದವಡೆಯ ನರದಿಂದ 2 ಮಿ.ಮೀ. ದೂರ ಬೇಕೇ ಬೇಕು. ಇದರ ಜೊತೆಗೆ ಒಂದು ನಿಮಿಷ ತೆಗೆದುಕೊಂಡು, ಮೇಲಿನ ಗಟ್ಟಿ ಪದರ ಎಷ್ಟು ದಪ್ಪ ಇದೆ ಅಂತ ನೋಡಿ. ಹಿಂಡುವಿಕೆ ಹೆಚ್ಚಾಗಿ ಬೀಳುವುದು ಆ ಪದರದ ಮೇಲೆ. ಕೆನ್ನೆ ಕಡೆಯ ಗೋಡೆ ಇಂಪ್ಲಾಂಟ್ ಕೂತ ಮೇಲೂ 1.5ರಿಂದ 2 ಮಿ.ಮೀ. ಉಳಿಯುತ್ತದೆಯೇ, ಅದನ್ನೂ ನೋಡಿ. ತೆಳು ಗೋಡೆಗೆ ಹಿಂಡುವಿಕೆ ತಡೆಯುವ ಶಕ್ತಿ ಇಲ್ಲ.

ಮೂಳೆಯ ಗಟ್ಟಿತನವನ್ನು ಡಿ1ರಿಂದ ಡಿ4ರವರೆಗೆ ನಾಲ್ಕು ಬಗೆ ಮಾಡಿದವರು ಅಮೆರಿಕದ ಕಾರ್ಲ್ ಮಿಶ್. ಡ್ರಿಲ್ ಮಾಡುವಾಗ ಕೈಗೆ ಹೇಗೆ ಸಿಗುತ್ತದೆ ಅಂತ ವಿವರಿಸಲು ಅವರು ತಮ್ಮ ಕಡೆಯವರಿಗೆ ಪರಿಚಿತವಾದ ಮರಗಳನ್ನೇ ಹೋಲಿಸಿದರು. ನಮ್ಮ ಕಡೆಯ ಮರಗಳಲ್ಲಿ ಹೇಳುವುದಾದರೆ, ಡಿ1 ಹೊನ್ನೆ. ಡಿ2 ಹಲಸು. ಡಿ3 ಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣ. ಡಿ4 ಮರವೇ ಅಲ್ಲ, ಥರ್ಮಾಕೋಲ್. ಡಿ1 ಸಾಮಾನ್ಯವಾಗಿ ಸಿಗುವುದು ಕೆಳದವಡೆಯ ಮುಂಭಾಗದಲ್ಲಿ, ಡಿ4 ಮೇಲ್ದವಡೆಯ ಹಿಂಭಾಗದಲ್ಲಿ. ಸಿಬಿಸಿಟಿ ಪರದೆಯಲ್ಲಿ ಬರುವ ಸಾಂದ್ರತೆಯ ಸಂಖ್ಯೆಯನ್ನು ನೋಡಿ ಇದು ಡಿ2 ಅಂತ ತೀರ್ಮಾನಿಸುವವರಿದ್ದಾರೆ. ಆ ಸಂಖ್ಯೆ ದೊಡ್ಡ ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನ ಹೌನ್ಸ್‌ಫೀಲ್ಡ್ ಸಂಖ್ಯೆಯಷ್ಟು ಭರವಸೆಯದ್ದಲ್ಲ, ಮೆಷಿನ್‌ನಿಂದ ಮೆಷಿನ್‌ಗೆ ಬದಲಾಗುತ್ತದೆ. ಅದು ಒಂದು ಊಹೆ. ನಿಜ ಹೇಳುವುದು ಮೊದಲ ಡ್ರಿಲ್.

ರೋಗಿಯ ಕಡೆಯಿಂದ ಕೇಳಬೇಕಾದದ್ದು: ಸಕ್ಕರೆ ಕಾಯಿಲೆ ಹಿಡಿತದಲ್ಲಿದೆಯೇ, ಬೀಡಿ ಸಿಗರೇಟು ಇದೆಯೇ, ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಳ್ಳುತ್ತಿದ್ದಾರೆಯೇ. ನಮ್ಮ ಕಡೆ ಇನ್ನೊಂದು ಪ್ರಶ್ನೆ ತಪ್ಪಿಸಬೇಡಿ. ಅಡಿಕೆ, ಗುಟ್ಕಾ ಅಗಿಯುತ್ತಾರಾ? ವರ್ಷಗಟ್ಟಲೆ ಅಗಿದವರಿಗೆ ಕೆನ್ನೆಯ ಒಳಗೆ ನಾರುಗಟ್ಟಿ ಬಾಯಿ ಪೂರ್ತಿ ತೆರೆಯುವುದಿಲ್ಲ. ಹಿಂದಿನ ಹಲ್ಲಿನ ಜಾಗದಲ್ಲಿ ಹ್ಯಾಂಡ್‌ಪೀಸ್ ನೆಟ್ಟಗೆ ಇಳಿಯದೆ ಓರೆಯಾಗುತ್ತದೆ. ಓರೆ ಡ್ರಿಲ್ ಒಂದು ಪಕ್ಕದ ಗೋಡೆಯನ್ನೇ ತಿನ್ನುತ್ತದೆ. ಆಪರೇಷನ್ ದಿನ ಕಂಡುಹಿಡಿಯುವ ಬದಲು, ಮೊದಲ ಭೇಟಿಯಲ್ಲೇ ಉದ್ದದ ಡ್ರಿಲ್ ಸಿಕ್ಕಿಸಿದ ಹ್ಯಾಂಡ್‌ಪೀಸ್ ಬಾಯಲ್ಲಿಟ್ಟು ನೋಡಿಬಿಡಿ.

ಹೆಜ್ಜೆ 2: ಮೊದಲ ಡ್ರಿಲ್ ಹೇಳಿದ್ದನ್ನು ಕೇಳಿ

ಸುಮಾರು 2 ಮಿ.ಮೀ. ಪೈಲಟ್ ಡ್ರಿಲ್ ಇಳಿಸುವಾಗ ಕೈಗೆ ಸಿಗುವ ಅನುಭವವೇ ಮುಂದಿನದ್ದನ್ನು ತೀರ್ಮಾನಿಸುತ್ತದೆ. ಮೇಲೆ ಗಟ್ಟಿ, ಆಮೇಲೆ ದಡಕ್ಕನೆ ಮೃದು? ಅದು ಡಿ3. ಮೇಲಿಂದ ಕೆಳಗಿನವರೆಗೂ ಒಂದೇ ಸಮನೆ ತಡೆ? ಡಿ1. ಇಲ್ಲಿ ನಿಂತು ಪ್ಲಾನ್ ಬದಲಾಯಿಸಲು ನಾಚಿಕೆ ಬೇಡ.

ಮೂಳೆ ಗಟ್ಟಿ ಇದ್ದರೆ ಕಂಪನಿ ಹೇಳಿದ ಎಲ್ಲ ಡ್ರಿಲ್‌ಗಳನ್ನೂ ಕ್ರಮವಾಗಿ ಹಾಕಿ, ಒಂದನ್ನೂ ಹಾರಿಸಬೇಡಿ. ಕೊನೆಗೆ ಕತ್ತಿನ ಜಾಗಕ್ಕೆ ಕಾರ್ಟಿಕಲ್ ಡ್ರಿಲ್ (ಮೇಲಿನ ಗಟ್ಟಿ ಪದರವನ್ನು ಅಗಲಿಸುವಂಥದ್ದು), ಅದರ ಮೇಲೆ ಟ್ಯಾಪ್. ಟ್ಯಾಪ್ ಅಂದರೆ ಸ್ಕ್ರೂಗೆ ಮೊದಲೇ ಹಾದಿ ಕೊರೆದಿಡುವ ಉಪಕರಣ. ಹೊನ್ನೆ ಹಲಗೆಗೆ ಸ್ಕ್ರೂ ಹಾಕುವ ಬಡಗಿ ಮೊದಲು ಸರಿಯಾದ ತೂತು ಕೊರೆದು, ಸ್ಕ್ರೂಗೆ ಚೂರು ಸೋಪು ಸವರುತ್ತಾನೆ. ಇಲ್ಲದಿದ್ದರೆ ಹಲಗೆ ಸೀಳುತ್ತದೆ ಅಂತ ಅವನಿಗೆ ಗೊತ್ತು. ಸೋಪು ನಮಗಿಲ್ಲ, ಟ್ಯಾಪ್ ಇದೆ. ಕಿಟ್‌ನಲ್ಲಿ ಅದು ಹೊಳೆಯುತ್ತಾ ಸುಮ್ನೆ ಕೂತಿರುತ್ತದೆ, ಬಳಸುವವರು ಕಡಿಮೆ.

ಮೃದು ಮೂಳೆಯಲ್ಲಿ ಇದು ತಿರುವುಮುರುವು. ಕೊನೆಯ ಡ್ರಿಲ್ ಬಿಟ್ಟು, ತೂತು ತುಸು ಸಣ್ಣದಾಗಿಯೇ ಇರಲಿ. ಇಂಪ್ಲಾಂಟ್ ಇಳಿಯುತ್ತಾ ಜಾಲರಿಯನ್ನು ಪಕ್ಕಕ್ಕೆ ಒತ್ತಿ ಹಿಡಿತ ಮಾಡಿಕೊಳ್ಳುತ್ತದೆ. ಇಲ್ಲೊಂದು ಬಲೆ ಇದೆ. ಒಳಗೆ ಥರ್ಮಾಕೋಲ್ ಇದ್ದರೂ ಮೇಲೆ ಒಂದು ಮಿ.ಮೀ. ಗಟ್ಟಿ ಪದರ ಇರಬಹುದು. ಆ ಪದರವನ್ನೂ ಸಣ್ಣ ತೂತಾಗಿಯೇ ಬಿಟ್ಟರೆ ಟಾರ್ಕ್ ಪೂರ್ತಿ ಅಲ್ಲೇ ಹುಟ್ಟುತ್ತದೆ. ಕೆಳಗೆ ಹಿಡಿತವಿಲ್ಲ, ಮೇಲೆ ಉಸಿರುಗಟ್ಟುವ ಬಿಗಿ. ಮೃದು ಮೂಳೆಯಲ್ಲೂ ಮೇಲಿನ ಪದರವನ್ನು ಮಾತ್ರ ಪೂರ್ಣ ಅಳತೆಗೆ ಬಿಡಿಸಿಕೊಳ್ಳಿ.

ಹೆಜ್ಜೆ 3: ಬಿಸಿ

1980ರ ದಶಕದ ಮೊದಲಲ್ಲಿ ಸ್ವೀಡನ್‌ನ ಗೋಥೆನ್‌ಬರ್ಗ್‌ನಲ್ಲಿ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್‌ಸನ್ ಮೊಲಗಳ ಮೂಳೆಯಲ್ಲಿ ಪರೀಕ್ಷೆ ಮಾಡಿ ಒಂದು ಗೆರೆ ಎಳೆದರು. 47 ಡಿಗ್ರಿ ಸೆಲ್ಸಿಯಸ್, ಒಂದು ನಿಮಿಷ. ಅದನ್ನು ದಾಟಿದರೆ ಮೂಳೆ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ನಮ್ಮ ದೇಹವೇ 37 ಡಿಗ್ರಿ. ಅಂದರೆ ನಮಗಿರುವ ಅವಕಾಶ ಹತ್ತೇ ಡಿಗ್ರಿ. ನೀವು ಊದಿ ಕುಡಿಯುವ ಕಾಫಿ ಇದಕ್ಕಿಂತ ಬಿಸಿ. ಮರಗಟ್ಟಿಸಿದ ಬಾಯಲ್ಲಿ ರೋಗಿಗೆ ಈ ಬಿಸಿ ತಿಳಿಯುವುದಿಲ್ಲ, ನಿಮಗೂ ಕಾಣುವುದಿಲ್ಲ. ಅದೇ ಕಷ್ಟ.

ಹೆಚ್ಚಿನ ಕಿಟ್‌ಗಳಲ್ಲಿ ಡ್ರಿಲ್ ವೇಗ ನಿಮಿಷಕ್ಕೆ 800ರಿಂದ 1200 ಸುತ್ತು. ವೇಗಕ್ಕಿಂತ ಅಭ್ಯಾಸ ಮುಖ್ಯ. ಒತ್ತಿ ಹಿಡಿದು ನಿಲ್ಲಬೇಡಿ. ಎರಡು ಮೂರು ಸೆಕೆಂಡು ಇಳಿಸಿ, ಮೇಲೆ ಎತ್ತಿ, ಮತ್ತೆ ಇಳಿಸಿ. ಎತ್ತಿದಾಗ ತಣ್ಣಗಿನ ಸಲೈನ್ ತೂತಿನೊಳಗೆ ಇಳಿಯುತ್ತದೆ, ಮೂಳೆಯ ಪುಡಿ ಹೊರಗೆ ಬರುತ್ತದೆ. ಆಪರೇಷನ್‌ಗೆ ಮೊದಲು ಸಲೈನ್ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟಿರಿ. ಗಟ್ಟಿ ಮೂಳೆಯಲ್ಲಿ ಆಳಕ್ಕೆ ಹೋದಂತೆ ಹೊರಗಿನಿಂದ ಬೀಳುವ ನೀರು ತುದಿಯನ್ನು ಮುಟ್ಟುವುದಿಲ್ಲ. ಅದಕ್ಕೇ ಮೇಲೆತ್ತುವ ಕೆಲಸ ಅಷ್ಟು ಮುಖ್ಯ. ಸರ್ಜಿಕಲ್ ಗೈಡ್ (ಡ್ರಿಲ್ ಸರಿಯಾದ ಜಾಗಕ್ಕೆ ಇಳಿಯುವಂತೆ ಬಾಯಲ್ಲಿ ಕೂರಿಸುವ ಅಚ್ಚು) ಬಳಸುವವರು ಇನ್ನೂ ಹುಷಾರಾಗಿರಬೇಕು. ಗೈಡ್‌ನ ಉಂಗುರ ನೀರನ್ನು ತಡೆಯುತ್ತದೆ. ಪಕ್ಕದಿಂದ ಸಿರಿಂಜ್‌ನಲ್ಲಿ ಸಲೈನ್ ಬಿಡಲು ಸಹಾಯಕರಿಗೆ ಹೇಳಿಡಿ.

ಡ್ರಿಲ್ ಮೊಂಡಾದರೆ ಬಿಸಿ ಏರುತ್ತದೆ. ಯಾವ ಡ್ರಿಲ್ ಎಷ್ಟು ಸಲ ಬಳಸಿದ್ದು ಅಂತ ಒಂದು ಪುಸ್ತಕದಲ್ಲಿ ಗೀಟು ಹಾಕುತ್ತಾ ಬನ್ನಿ, ಕಂಪನಿ ಹೇಳಿದ ಎಣಿಕೆ ಮುಟ್ಟಿದ ದಿನ ಎತ್ತಿಡಿ. ದುಬಾರಿ ಅನ್ನಿಸುತ್ತದೆ ನಿಜ. ಇಂಪ್ಲಾಂಟ್ ಕಳೆದುಕೊಳ್ಳುವುದು ಅದಕ್ಕಿಂತ ದುಬಾರಿ.

ಡ್ರಿಲ್‌ನ ಸುರುಳಿ ಸಂದಿಯಲ್ಲಿ ಅಂಟಿದ ಮೂಳೆ ಪುಡಿಯನ್ನೂ ನೋಡಿ. ಕೆಂಪಗೆ, ಒದ್ದೆಯಾಗಿದ್ದರೆ ಸರಿ. ಒಣಗಿ, ಸುಣ್ಣದ ಹಾಗೆ ಬೆಳ್ಳಗೆ ಅಥವಾ ಕಂದು ಬಣ್ಣಕ್ಕೆ ತಿರುಗಿ ಬಂದರೆ ನಿಲ್ಲಿಸಿ.

ಹೆಜ್ಜೆ 4: ತೂತನ್ನು ಒಮ್ಮೆ ತಡವಿ ನೋಡಿ

ಪ್ರೋಬ್‌ನಿಂದ ನಾಲ್ಕೂ ಗೋಡೆ, ತಳ ಮುಟ್ಟಿ ನೋಡಿ. ಆಳ ಅಳೆಯಿರಿ. ಡ್ರಿಲ್‌ನ ಚೂಪು ತುದಿ ಗೆರೆಯ ಅಳತೆಗಿಂತ ಸ್ವಲ್ಪ ಆಳಕ್ಕೇ ಹೋಗುತ್ತದೆ ಅನ್ನುವುದನ್ನು ಪ್ಲಾನ್ ಮಾಡುವಾಗಲೇ ಸೇರಿಸಿಕೊಂಡಿರಬೇಕು. ತೂತು ಆಳ ಸಾಲದಿದ್ದರೆ ಇಂಪ್ಲಾಂಟ್ ತಳಕ್ಕೆ ಗುದ್ದಿ ಟಾರ್ಕ್ ಜಿಗಿಯುತ್ತದೆ. ಎಷ್ಟೋ ಜನ ಅದನ್ನೇ ಒಳ್ಳೆ ಹಿಡಿತ ಅಂದುಕೊಳ್ಳುತ್ತಾರೆ.

ಹೆಜ್ಜೆ 5: ತಿರುಗಿಸುವುದು

ಇದೇ ನಾನು ಎಡವಿದ ಜಾಗ, ಆದ್ದರಿಂದ ಸ್ವಲ್ಪ ಉದ್ದ ಹೇಳುತ್ತೇನೆ.

ಮೋಟರ್ ವೇಗ ನಿಮಿಷಕ್ಕೆ 15ರಿಂದ 30 ಸುತ್ತು. ಟಾರ್ಕ್ ಮಿತಿ 35 ಎನ್‌ಸಿಎಂ ಅಂತ ಇಡಿ. ಇಂಪ್ಲಾಂಟ್ ಇಳಿಯುವಾಗ ಕಣ್ಣು ಬಾಯಲ್ಲಿ, ಕಿವಿ ಮೋಟರ್ ಕಡೆ. ಟಾರ್ಕ್ ಎಷ್ಟು ಬಂತು ಅನ್ನುವುದಷ್ಟೇ ಅಲ್ಲ, ಎಲ್ಲಿ ಬಂತು ಅನ್ನುವುದನ್ನೂ ಗಮನಿಸಿ. ಮೊದಲಿನಿಂದ ಮೆಲ್ಲಮೆಲ್ಲಗೆ ಏರುತ್ತಾ ಬಂದು 35 ಮುಟ್ಟಿದರೆ, ಇಂಪ್ಲಾಂಟ್‌ನ ಉದ್ದಕ್ಕೂ ಹಿಡಿತ ಸಿಕ್ಕಿದೆ. ಪೂರ್ತಿ 10, 15ರಲ್ಲೇ ಇಳಿದು ಕೊನೆಯ ಎರಡು ಸುತ್ತಿನಲ್ಲಿ ಧಡಕ್ಕನೆ 35ಕ್ಕೆ ಹಾರಿದರೆ, ಭಾರವೆಲ್ಲ ಕತ್ತಿನ ಗಟ್ಟಿ ಪದರದ ಮೇಲೆ ಬಿದ್ದಿದೆ. ಎರಡೂ ಸಲ ಫೈಲಿನಲ್ಲಿ ಒಳ್ಳೆ ಸಂಖ್ಯೆಯೇ ಬರುತ್ತದೆ. ಮೂಳೆಗೆ ಮಾತ್ರ ಅಜಗಜಾಂತರ.

ಇಳಿಯಬೇಕಾದ ಆಳ ಇನ್ನೂ ಬಾಕಿ ಇರುವಾಗಲೇ ಮೋಟರ್ ನಿಂತರೆ ಏನು ಮಾಡಬೇಕು? ರ‍್ಯಾಚೆಟ್ ಮುಟ್ಟಬೇಡಿ. ಅರ್ಧದಿಂದ ಒಂದು ಸುತ್ತು ಹಿಂದಕ್ಕೆ ತಿರುಗಿಸಿ. ಸ್ವಲ್ಪ ಹೊತ್ತು ಸುಮ್ಮನಿರಿ. ಮೂಳೆಗೆ ಒಂದು ಗುಣವಿದೆ, ಹಿಂಡಿ ಬಿಟ್ಟರೆ ನಿಧಾನಕ್ಕೆ ತಾನೇ ಸಡಿಲಗೊಳ್ಳುತ್ತದೆ. ಮತ್ತೆ ಮುಂದಕ್ಕೆ ಬಿಡಿ. ಹಾಗೆ ಎರಡು ಸಲ ಮಾಡಿದರೂ ಇಳಿಯದಿದ್ದರೆ ಪೂರ್ತಿ ಹೊರಗೆ ತೆಗೆಯಿರಿ. ಇಂಪ್ಲಾಂಟನ್ನು ಬಟ್ಟೆಯ ಮೇಲೆ ಇಡಬೇಡಿ, ಗ್ಲೌಸ್‌ನಲ್ಲಿ ಮುಟ್ಟಬೇಡಿ, ಅದರ ಡಬ್ಬಿಗೇ ವಾಪಸ್ ಇಡಿ. ಕಾರ್ಟಿಕಲ್ ಡ್ರಿಲ್ ಅಥವಾ ಟ್ಯಾಪ್ ಹಾಕಿ, ತೊಳೆದು, ಮತ್ತೆ ಇಳಿಸಿ. ಐದು ನಿಮಿಷದ ಕೆಲಸ. ಆ ಐದು ನಿಮಿಷ ಉಳಿಸಲು ಹೋಗಿ ನಾನು ಐದು ತಿಂಗಳು ಕಳೆದುಕೊಂಡೆ.

ಸಂಖ್ಯೆ ಎಷ್ಟಿರಬೇಕು? ಒಂದೇ ದಿನದಲ್ಲಿ ಹಲ್ಲು ಕೂರಿಸಬೇಕಾದರೆ 35ರ ಆಸುಪಾಸು ಬೇಕು ಅಂತ ಬಹಳ ಜನ ಹೇಳುತ್ತಾರೆ. ಮೂರು ತಿಂಗಳು ಕಾಯುವುದಾದರೆ ಅದಕ್ಕಿಂತ ಕಡಿಮೆ ಬಂದರೂ ಗಾಬರಿ ಬೇಡ. ಮೇಲಿನ ಮಿತಿಯ ಬಗ್ಗೆ ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. 50 ದಾಟಿಯೂ ಚೆನ್ನಾಗಿ ಕೂಡಿಕೊಂಡ ಉದಾಹರಣೆಗಳಿವೆ. ಆದರೆ ಗಟ್ಟಿ ಮೂಳೆ, ತೆಳು ಗೋಡೆ ಇರುವ ಕಡೆ ನಾನು 50ರ ಹತ್ತಿರವೂ ಹೋಗುವುದಿಲ್ಲ. ಇದು ಪೆಟ್ಟು ತಿಂದವನ ನಿಯಮ ಅಂದುಕೊಳ್ಳಿ.

ಹಲ್ಲು ಕಿತ್ತ ಕೂಡಲೇ ಅದೇ ಗುಂಡಿಗೆ ಇಂಪ್ಲಾಂಟ್ ಹಾಕುವವರಿಗೆ ಒಂದು ಮಾತು. ಮೇಲ್ದವಡೆಯ ಮುಂದಿನ ಹಲ್ಲುಗಳಲ್ಲಿ ತುಟಿ ಕಡೆಯ ಗೋಡೆ ಬಹಳ ಸಲ ಒಂದು ಮಿ.ಮೀ. ಕೂಡ ಇರುವುದಿಲ್ಲ. ಇಂಪ್ಲಾಂಟ್ ಅದಕ್ಕೆ ತಾಗಲೇಬಾರದು. ಅಂಗುಳದ ಕಡೆಯ ಗೋಡೆಯಲ್ಲಿ, ಗುಂಡಿಯ ತಳದಿಂದ ಕೆಲವು ಮಿ.ಮೀ. ಆಚೆಗೆ ಹಿಡಿತ ಹುಡುಕಿ. ತುಟಿ ಕಡೆ ಉಳಿದ ಸಂದಿಗೆ ಮೂಳೆಪುಡಿ ತುಂಬಿ.

ಹೆಜ್ಜೆ 6: ಟಾರ್ಕ್ ಜೊತೆ ಐಎಸ್‌ಕ್ಯೂ

ಟಾರ್ಕ್ ಅಂದರೆ ಇಂಪ್ಲಾಂಟ್ ತಿರುಗಲು ಎಷ್ಟು ತಡೆ ಬಂತು ಅನ್ನುವುದು. ಪಕ್ಕಕ್ಕೆ ಎಷ್ಟು ಅಲ್ಲಾಡುತ್ತದೆ ಅನ್ನುವುದು ಬೇರೆ ವಿಷಯ. ಅದನ್ನು ಅಳೆಯುವುದು ಐಎಸ್‌ಕ್ಯೂ. ಇಂಪ್ಲಾಂಟ್‌ಗೆ ಸಣ್ಣ ಪೆಗ್ ಸಿಕ್ಕಿಸಿ, ಮುಟ್ಟದೆಯೇ ಕಾಂತದಿಂದ ಕಂಪಿಸಿ, 1ರಿಂದ 100ರೊಳಗೆ ಒಂದು ಅಂಕಿ ಕೊಡುತ್ತದೆ. ಎರಡು ದಿಕ್ಕಿನಲ್ಲಿ ಅಳೆಯಿರಿ. 70 ದಾಟಿದರೆ ಗಟ್ಟಿ, 60ಕ್ಕಿಂತ ಕೆಳಗಿದ್ದರೆ ಸುಮ್ಮನೆ ಕಾಯಿರಿ. ಇದರ ದೊಡ್ಡ ಉಪಯೋಗ ಆಮೇಲೆ, ಎರಡು ತಿಂಗಳ ನಂತರದ ಅಂಕಿಯನ್ನು ಮೊದಲ ದಿನದ್ದಕ್ಕೆ ಹೋಲಿಸಿದಾಗ. ಟಾರ್ಕನ್ನು ಹಾಗೆ ಮತ್ತೆ ಅಳೆಯಲಾಗದಲ್ವಾ.

ಹೆಜ್ಜೆ 7: ಮೊದಲ ಎರಡು ತಿಂಗಳು

ಮೊದಲ ದಿನದ ಬಿಗಿ ಯಂತ್ರದ ಬಿಗಿ. ಅದು ದಿನೇ ದಿನೇ ಇಳಿಯುತ್ತದೆ, ಏಕೆಂದರೆ ಪೆಟ್ಟು ತಿಂದ ಮೂಳೆಯನ್ನು ದೇಹ ತೆಗೆದುಹಾಕುತ್ತಿರುತ್ತದೆ. ಹೊಸ ಮೂಳೆ ಬೆಳೆದು ಕೊಡುವ ಹಿಡಿತ ಇನ್ನೂ ಬಂದಿರುವುದಿಲ್ಲ. ಈ ಎರಡರ ನಡುವೆ, ಹೆಚ್ಚಾಗಿ ಎರಡರಿಂದ ನಾಲ್ಕನೇ ವಾರದಲ್ಲಿ, ಇಂಪ್ಲಾಂಟ್ ಅತಿ ದುರ್ಬಲ. ನಾವು ಹಿಂಡಿದಷ್ಟೂ ತೆಗೆಯಬೇಕಾದ ಮೂಳೆ ಜಾಸ್ತಿ, ಈ ತಗ್ಗು ಆಳ. ಆ ರೈತರು ನಾಲ್ಕನೇ ವಾರ ಬಂದದ್ದು ಕಾಕತಾಳೀಯವೇನಲ್ಲ.

ಈ ದಿನಗಳಲ್ಲಿ ಇಂಪ್ಲಾಂಟ್ 50ರಿಂದ 150 ಮೈಕ್ರಾನ್‌ಗಿಂತ ಹೆಚ್ಚು ಅಲ್ಲಾಡಿದರೆ ಮೂಳೆಯ ಬದಲು ನಾರು ಬೆಳೆಯುತ್ತದೆ. ತಲೆಗೂದಲಿನ ದಪ್ಪದಷ್ಟು ಅನ್ನಿ. ಹಾಗಾಗಿ ರೋಗಿಗೆ ಬಿಡಿಸಿ ಹೇಳಿ: ಇನ್ನೊಂದು ಪಕ್ಕದಲ್ಲಿ ಅಗಿಯಿರಿ, ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಬೇಡ. ಮುದ್ದೆ ಉಣ್ಣುವವರಿಗೆ ಚಿಂತೆಯಿಲ್ಲ, ನುಂಗುವುದೇ ತಾನೆ. ಮೇಲೆ ತೆಗೆದು ಹಾಕುವ ಸೆಟ್ ಇದ್ದರೆ ಇಂಪ್ಲಾಂಟ್ ಮೇಲೆ ಅದು ಒತ್ತದ ಹಾಗೆ ಒಳಗಿನಿಂದ ಕೆತ್ತಿ ಕೊಡಿ. ಇದನ್ನು ಮರೆಯುವವರು ಬಹಳ.

ಹೆಜ್ಜೆ 8: ಕ್ಯಾಪ್ ಮತ್ತು ಕಡಿತ

ನಮ್ಮ ಸ್ವಂತ ಹಲ್ಲಿನ ಬೇರಿನ ಸುತ್ತ ಮೆತ್ತೆಯ ಹಾಗೆ ಒಂದು ಪೊರೆ ಇರುತ್ತದೆ. ಕಚ್ಚಿದಾಗ ಹಲ್ಲು ಕೆಲವು ಹತ್ತು ಮೈಕ್ರಾನ್ ಕೆಳಗಿಳಿಯುತ್ತದೆ. ಇಂಪ್ಲಾಂಟ್‌ಗೆ ಆ ಮೆತ್ತೆ ಇಲ್ಲ, ಮೂಳೆಗೇ ನೇರ ಅಂಟಿದೆ, ಇಳಿಯುವುದು ಅದರ ಒಂದು ಚೂರು ಮಾತ್ರ. ಇಂಪ್ಲಾಂಟ್ ಮೇಲೆ ಕೂರಿಸುವ ಕ್ಯಾಪನ್ನು (ಕೃತಕ ಹಲ್ಲನ್ನು) ಪಕ್ಕದ ಹಲ್ಲುಗಳಷ್ಟೇ ಎತ್ತರಕ್ಕೆ ಮಾಡಿದರೆ, ಗಟ್ಟಿಯಾಗಿ ಕಚ್ಚಿದಾಗ ಪಕ್ಕದ ಹಲ್ಲುಗಳು ತಗ್ಗಿ, ಭಾರವೆಲ್ಲ ಇಂಪ್ಲಾಂಟ್ ಒಂದರ ಮೇಲೇ ಬೀಳುತ್ತದೆ. ಆದ್ದರಿಂದ ಇಂಪ್ಲಾಂಟ್ ಹಲ್ಲಿನ ಮೇಲೆ ಶಿಮ್ ಅನ್ನುವ ತೆಳು ಪಟ್ಟಿ ಹಿಡಿದು ಪರೀಕ್ಷೆ ಮಾಡಿ. ಮೆಲ್ಲಗೆ ಕಚ್ಚಿದಾಗ ಪಟ್ಟಿ ಜಾರಿ ಬರಬೇಕು, ಜೋರಾಗಿ ಕಚ್ಚಿದಾಗ ಹಿಡಿಯಬೇಕು.

ಮೂಳೆ ನೇರ ಒತ್ತುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ಅದಕ್ಕಿಂತ ಕಡಿಮೆ, ಅಡ್ಡ ಜಾರುವ ಭಾರವನ್ನು ಎಲ್ಲಕ್ಕಿಂತ ಕಡಿಮೆ. ಕ್ಯಾಪಿನ ದಿಬ್ಬಗಳನ್ನು ಚಪ್ಪಟೆ ಮಾಡಿಸಿ, ದವಡೆ ಪಕ್ಕಕ್ಕೆ ಸರಿದಾಗ ಇಂಪ್ಲಾಂಟ್ ಹಲ್ಲು ತಾಗದಿರಲಿ. ರಾತ್ರಿ ಹಲ್ಲು ಕಡಿಯುವ ಅಭ್ಯಾಸದವರಿಗೆ ನೈಟ್ ಗಾರ್ಡ್ ಕೊಡಲೇಬೇಕು.

ಕ್ಯಾಪ್ ಹಾಕಿದ ದಿನವೇ ಒಂದು ಎಕ್ಸ್‌ರೇ ತೆಗೆದಿಡಿ, ಮುಂದಿನ ಹೋಲಿಕೆಗೆ ಅದೇ ಆಧಾರ. ಮೊದಲ ವರ್ಷ ಕತ್ತಿನ ಸುತ್ತ ಒಂದಿಷ್ಟು ಮೂಳೆ ಇಳಿಯುವುದು ಸಾಮಾನ್ಯ. ಆಮೇಲೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆ ಇರಬೇಕು ಅನ್ನುವುದು 1986ರಿಂದ ಬಂದ ಅಳತೆ.

ತಪ್ಪಿ ಹೋದರೆ

ಇಂಪ್ಲಾಂಟ್ ಅಲ್ಲಾಡಿದರೆ ಅದನ್ನು ಉಳಿಸಲು ಹೋಗಬೇಡಿ. ಮತ್ತೆ ಬಿಗಿ ಮಾಡುವುದಂತೂ ಬೇಡವೇ ಬೇಡ. ತೆಗೆದು, ನಾರಿನ ಪೊರೆಯನ್ನು ಕೆರೆದು ಸ್ವಚ್ಛ ಮಾಡಿ, ಮೂಳೆ ತುಂಬಿಕೊಳ್ಳಲು ಎರಡು ಮೂರು ತಿಂಗಳು ಬಿಡಿ. ರೋಗಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ನಾನು ಆ ರೈತರಿಗೆ "ಯಜಮಾನ್ರೇ, ನಾನೇ ಜಾಸ್ತಿ ಬಿಗಿ ಮಾಡಿಬಿಟ್ಟೆ" ಅಂದೆ. ಅವರು ನಕ್ಕು, "ಬೋರ್‌ವೆಲ್ ಪೈಪಿನ ಚೂಡಿ ಕೂಡ ಹಂಗೇ ಸ್ವಾಮಿ, ಜಾಸ್ತಿ ತಿರುವಿದ್ರೆ ಸೀಳ್ತದೆ" ಅಂದರು.

ಎರಡನೇ ಸಲ ಟ್ಯಾಪ್ ಹಾಕಿದೆ, 35ಕ್ಕೇ ನಿಲ್ಲಿಸಿದೆ. ಅದು ಕೂತಿತು. ಅಂದಿನಿಂದ ಪ್ರತಿ ಕೇಸಿನ ಕಾರ್ಡಿನಲ್ಲಿ ಐದು ವಿಷಯ ಬರೆಯುತ್ತೇನೆ: ಮೂಳೆ ಕೈಗೆ ಹೇಗೆ ಸಿಕ್ಕಿತು, ಯಾವ ಯಾವ ಡ್ರಿಲ್ ಹಾಕಿದೆ, ಟಾರ್ಕ್ ಯಾವ ಆಳದಲ್ಲಿ ಏರಿತು, ಎಷ್ಟಕ್ಕೆ ನಿಂತಿತು, ಐಎಸ್‌ಕ್ಯೂ ಎಷ್ಟು. ಏನಾದರೂ ಕೆಟ್ಟರೆ ಏಕೆ ಕೆಟ್ಟಿತು ಅಂತ ಹುಡುಕಲು ಇದೇ ದಾರಿ. ಆ ರೈತರ ಮೊದಲ ಕಾರ್ಡು ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಅದರಲ್ಲಿ ಬರೆದಿರುವುದು ಇಷ್ಟೇ: 70, ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕ ಚಿಹ್ನೆ.